ಮರೆತ ಟುಲಿಪ್ ಗಡ್ಡೆ ಜನವರಿಯಲ್ಲಿ ಸಿಕ್ಕಿದರೆ ಏನು ಮಾಡಬೇಕು

ಪ್ರತಿ ವರ್ಷ ಡಿಸೆಂಬರ್ ಕೊನೆಯ ಹೊತ್ತಿಗೆ ಇದೇ ಪ್ರಶ್ನೆ ಬರುತ್ತದೆ. ಅದಕ್ಕೇ ಈ ಸಲ ಕೂತು ಪೂರ್ತಿ ಬರೆಯುತ್ತಿದ್ದೇನೆ. "ಸೆಪ್ಟೆಂಬರ್‌ನಲ್ಲಿ ಟುಲಿಪ್ ಗಡ್ಡೆ ತಂದಿಟ್ಟೆವು. ದಸರಾ ಗೊಂಬೆ, ದೀಪಾವಳಿ, ಕನ್ನಡ ಕೂಟದ ರಾಜ್ಯೋತ್ಸವ ಅಂತ ಓಡಾಡುವುದರಲ್ಲಿ ಮರೆತೇ ಹೋಯಿತು. ಈಗ ಗ್ಯಾರೇಜ್ ಗುಡಿಸುವಾಗ ಚೀಲ ಸಿಕ್ಕಿದೆ. ನೆಡಬಹುದಾ? ಮುಂದಿನ ವರ್ಷಕ್ಕೆ ಎತ್ತಿಡಲಾ?"

ಚಳಿ ಕೊರೆಯುವ ಊರುಗಳಲ್ಲಿ ಟುಲಿಪ್ ಗಡ್ಡೆಯನ್ನು ನೆಲ ಹೆಪ್ಪುಗಟ್ಟುವ ಮೊದಲು, ಶರತ್ಕಾಲದಲ್ಲೇ ನೆಡಬೇಕು, ಹೂ ಬರುವುದು ವಸಂತದಲ್ಲಿ. ತಡವಾದರೂ ಗಡ್ಡೆ ಗಟ್ಟಿಯಾಗಿದ್ದರೆ ನೆಡಿ. ಆದರೆ ಇವತ್ತೇ ನೆಡಿ, ಇಲ್ಲಾಂದ್ರೆ ಈ ವಾರಾಂತ್ಯದೊಳಗೆ. ಮುಂದಿನ ವರ್ಷಕ್ಕಂತೂ ಎತ್ತಿಡಬೇಡಿ. ಬೀಜವಾದರೆ ಡಬ್ಬಿಯಲ್ಲಿ ಹಾಕಿ ಒಂದೆರಡು ವರ್ಷ ಇಡಬಹುದು. ಗಡ್ಡೆ ಹಾಗಲ್ಲ. ಅದು ನಿದ್ದೆ ಮಾಡುತ್ತಿರುವ ಗಿಡ. ಚೀಲದಲ್ಲಿ ಇದ್ದಾಗಲೂ ಉಸಿರಾಡುತ್ತಿರುತ್ತದೆ, ತನ್ನೊಳಗಿನ ಆಹಾರವನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತಿರುತ್ತದೆ. ಮುಂದಿನ ಸೆಪ್ಟೆಂಬರ್ ಹೊತ್ತಿಗೆ ನಿಮ್ಮ ಕೈಗೆ ಸಿಗುವುದು ಒಣ ಸಿಪ್ಪೆ ಮಾತ್ರ.

ನಾನಿರುವುದು ನ್ಯೂಜೆರ್ಸಿಯ ನಡುಭಾಗದಲ್ಲಿ. ಅಮೆರಿಕದ ಕೃಷಿ ಇಲಾಖೆ ಚಳಿಗಾಲದ ಅತಿ ಕಡಿಮೆ ಉಷ್ಣಾಂಶವನ್ನು ನೋಡಿ ದೇಶವನ್ನು ವಲಯಗಳಾಗಿ ಹಂಚಿದೆ, ಅದನ್ನೇ ಇಲ್ಲಿ ಜೋನ್ ಅನ್ನುತ್ತಾರೆ. 2023ರಲ್ಲಿ ಆ ನಕ್ಷೆ ಹೊಸದಾಯಿತು. ನಮ್ಮದು ಜೋನ್ 7. ಕೆಳಗಿನ ತಾರೀಕುಗಳೆಲ್ಲ ಇಲ್ಲಿನ ಲೆಕ್ಕ. ಬೇರೆ ಕಡೆಯವರಿಗೆ ಏನು ವ್ಯತ್ಯಾಸ ಅಂತ ನಡುನಡುವೆ ಹೇಳುತ್ತೇನೆ.

ಗಡ್ಡೆಗೆ ಬೇಕಾಗಿರುವುದು ಏನು

ಇದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಮೆತ್ತಗಾಗಲು ಶುರುವಾದ ಒಂದು ಟುಲಿಪ್ ಗಡ್ಡೆ ಹೇಗೂ ನಿಮ್ಮ ಚೀಲದಲ್ಲಿ ಇರುತ್ತದೆ. ಅದನ್ನು ತುದಿಯಿಂದ ಬುಡದವರೆಗೆ ಚಾಕುವಿನಲ್ಲಿ ನಡುವೆ ಸೀಳಿ ನೋಡಿ. ಈರುಳ್ಳಿಯ ಹಾಗೇ ಪದರದ ಮೇಲೆ ಪದರ, ಬೆಳ್ಳಗೆ. ಅದೆಲ್ಲ ಆಹಾರದ ದಾಸ್ತಾನು. ನಟ್ಟನಡುವೆ ಹಳದಿ ಹಸಿರಿನ ಒಂದು ಮೊಳಕೆ ನಿಂತಿರುತ್ತದೆ. ಅದರ ಎಲೆಗಳನ್ನು ಉಗುರಿನಿಂದ ಮೆಲ್ಲಗೆ ಬಿಡಿಸಿ ಭೂತಗನ್ನಡಿ ಹಿಡಿದರೆ ಒಳಗೆ ಪುಟ್ಟ ಮೊಗ್ಗು ಕಾಣುತ್ತದೆ. ಆರು ದಳ, ಆರು ಕೇಸರ, ಎಲ್ಲ ತಯಾರಾಗಿಯೇ ಇದೆ! ಅಂದರೆ ಹೂವನ್ನು ನಾವು ಬೆಳೆಸಬೇಕಾಗಿಲ್ಲ. ಅದು ಹೊರಗೆ ಬರುವ ಹಾಗೆ ಅನುಕೂಲ ಮಾಡಿಕೊಟ್ಟರೆ ಸಾಕು.

ಅನುಕೂಲ ಅಂದರೆ ಎರಡು. ಒಂದು, ಬೇರು ಬಿಡುವುದಕ್ಕೆ ಹಸಿ ಮಣ್ಣು ಮತ್ತು ಕೆಲವು ವಾರಗಳ ಸಮಯ. ಮಣ್ಣು ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ, ಅಂದರೆ 40 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲಿದ್ದರೆ ಬೇರು ಚೆನ್ನಾಗಿ ಇಳಿಯುತ್ತದೆ. ಎರಡು, ಚಳಿ. ಸುಮಾರು 2ರಿಂದ 9 ಡಿಗ್ರಿ ಸೆಲ್ಸಿಯಸ್, ಅಂದರೆ 35ರಿಂದ 48 ಫ್ಯಾರನ್‌ಹೀಟ್‌ನಲ್ಲಿ ವಾರಗಟ್ಟಲೆ ಇರಬೇಕು. ಟುಲಿಪ್‌ಗೆ 12ರಿಂದ 16 ವಾರ ಬೇಕು. ಅದೇ ಚೀಲದಲ್ಲಿ ವಸಂತದಲ್ಲಿ ಅರಳುವ ಬೇರೆ ಹೂವಿನ ಗಡ್ಡೆಗಳೂ ಇರಬಹುದು. ಡ್ಯಾಫೊಡಿಲ್‌ಗೂ ಹೆಚ್ಚುಕಡಿಮೆ ಅಷ್ಟೇ, ಹಯಸಿಂತ್‌ಗೆ ಸ್ವಲ್ಪ ಕಡಿಮೆ ಸಾಕು. ಈ ಚಳಿ ಸಿಗದಿದ್ದರೆ ದಂಟು ಉದ್ದವಾಗುವುದೇ ಇಲ್ಲ. ಮೊಗ್ಗು ಒಳಗೇ ಮುರುಟಿಹೋಗುತ್ತದೆ ಅಥವಾ ಬರೀ ಎಲೆ ಬರುತ್ತದೆ. ಬರೀ ಎಲೆ ಬಂದ ಗಿಡವನ್ನು ಇಲ್ಲಿನ ತೋಟದವರು 'ಬ್ಲೈಂಡ್' ಅನ್ನುತ್ತಾರೆ.

ಇನ್ನು ಲೆಕ್ಕ ಹಾಕಿ. ಜನವರಿ 1ರಂದು ನೆಟ್ಟರೆ 14 ವಾರ ಮುಗಿಯುವುದು ಏಪ್ರಿಲ್ 9ಕ್ಕೆ. ಆಗಿನ್ನೂ ಇಲ್ಲಿನ ಮಣ್ಣು ತಣ್ಣಗೇ ಇರುತ್ತದೆ, ಹೂವಿಗೆ ಧಾರಾಳವಾಗಿ ಸಮಯ ಇದೆ. ಫೆಬ್ರವರಿ 15ಕ್ಕೆ ನೆಟ್ಟರೆ 14 ವಾರ ಆಗುವುದು ಮೇ 24ಕ್ಕೆ, ಅಷ್ಟರಲ್ಲಿ ಬಿಸಿಲು ಏರಿರುತ್ತದೆ. ಆದರೆ ಇಲ್ಲೊಂದು ಸಮಾಧಾನದ ವಿಷಯ ಇದೆ. ಹೀಟರ್ ಇಲ್ಲದ ಗ್ಯಾರೇಜಿನಲ್ಲಿ ಗಡ್ಡೆ ಇಷ್ಟು ದಿನ ತಣ್ಣಗೆ ಇತ್ತು ಅಂದರೆ, ಟುಲಿಪ್ ಮಟ್ಟಿಗೆ ಒಣಗಿರುವಾಗ ಸಿಕ್ಕ ಆ ಚಳಿಯೂ ಲೆಕ್ಕಕ್ಕೆ ಸೇರುತ್ತದೆ. ಮನೆಯೊಳಗೆ ಬೆಚ್ಚಗೆ ಇಟ್ಟಿದ್ದರೆ ಮಾತ್ರ ಸೊನ್ನೆಯಿಂದ ಎಣಿಸಬೇಕು. ಆದ್ದರಿಂದ ಚೀಲ ಎಲ್ಲಿತ್ತು ಅನ್ನುವುದನ್ನು ಮೊದಲು ನೆನಪು ಮಾಡಿಕೊಳ್ಳಿ.

ಬೇಕಾಗುವ ಸಾಮಾನು

ಗುದ್ದಲಿ ಅಥವಾ ಸಲಿಕೆ, ನೆಲ ಗಟ್ಟಿಯಾಗಿದ್ದರೆ ಪಿಕಾಸಿ. ಕೈಗೆ ಗ್ಲೌಸ್. ಒಂದು ಚೀಲ ಪಾಟಿಂಗ್ ಮಿಕ್ಸ್, ಅಂದರೆ ಕುಂಡಕ್ಕೆ ಹಾಕುವ ಹಗುರ ಮಣ್ಣು. ಅದನ್ನು ಹಿಂದಿನ ದಿನವೇ ಮನೆಯೊಳಗೆ ತಂದಿಡಿ, ಹೊರಗೆ ಬಿಟ್ಟರೆ ಹೆಪ್ಪುಗಟ್ಟಿ ಇಟ್ಟಿಗೆಯಾಗುತ್ತದೆ. ತಳದಲ್ಲಿ ತೂತಿರುವ ಒಂದೆರಡು ಕುಂಡ. ಕೋಳಿ ಗೂಡಿಗೆ ಬಡಿಯುವ ತಂತಿ ಬಲೆ. ಎರಡು ಮೂರು ಚೀಲ ತರಗೆಲೆ, ಅದಂತೂ ನಿಮ್ಮ ಹಿತ್ತಿಲಲ್ಲೇ ಬಿದ್ದಿರುತ್ತದೆ.

ಹಂತ 1: ಗಡ್ಡೆ ಪರೀಕ್ಷೆ

ಹಳೆ ಪೇಪರ್ ಹಾಸಿ ಎಲ್ಲ ಗಡ್ಡೆ ಸುರಿಯಿರಿ. ಒಂದೊಂದನ್ನೇ ಕೈಗೆ ತಗೊಂಡು ಹೆಬ್ಬೆರಳಿನಿಂದ ಒತ್ತಿ. ಅಡುಗೆಗೆ ಈರುಳ್ಳಿ ಆರಿಸುವಾಗ ಒತ್ತುತ್ತೀರಲ್ಲ, ಹಾಗೇ. ಗಟ್ಟಿಯಾಗಿ, ಗಾತ್ರಕ್ಕೆ ತಕ್ಕ ಭಾರ ಇದ್ದರೆ ಒಳ್ಳೆಯದು. ಮೇಲಿನ ಕಂದು ಸಿಪ್ಪೆ ಉದುರಿಹೋಗಿದ್ದರೆ ಏನೂ ತೊಂದರೆ ಇಲ್ಲ. ಮೇಲೆ ಅಲ್ಲಲ್ಲಿ ನೀಲಿ ಬೂದು ಬಣ್ಣದ ಬೂಷ್ಟು ಕಂಡರೆ ಗಾಬರಿಯಾಗಬೇಡಿ. ಬಟ್ಟೆಯಿಂದ ಒರೆಸಿ ಮತ್ತೆ ಒತ್ತಿ ನೋಡಿ. ಅಡಿಯಲ್ಲಿ ಗಟ್ಟಿ ಇದ್ದರೆ ಅದೂ ನಡೆಯುತ್ತದೆ.

ಬಿಸಾಡಬೇಕಾದ್ದು ಮೂರು ಬಗೆಯದು. ಒತ್ತಿದರೆ ಮೆತ್ತಗೆ ಕುಸಿಯುವುದು, ಕೊಳೆತ ವಾಸನೆ ಬರುವುದು ಒಂದು. ಹಗುರವಾಗಿ, ಬೆಳ್ಳುಳ್ಳಿ ಸಿಪ್ಪೆಯ ಹಾಗೆ ಟೊಳ್ಳಾಗಿರುವುದು ಇನ್ನೊಂದು. ಬುಡದಲ್ಲಿ ಬೇರು ಹೊರಡುವ ಗಟ್ಟಿ ಬಿಲ್ಲೆ ಇರುತ್ತದಲ್ಲ, ಅದು ಕೊಳೆತಿದ್ದರೆ ಮೇಲ್ಭಾಗ ಎಷ್ಟೇ ಚೆನ್ನಾಗಿದ್ದರೂ ಆ ಗಡ್ಡೆಗೆ ಬೇರು ಬರುವುದಿಲ್ಲ. ಸ್ನೋಡ್ರಾಪ್, ಫ್ರಿಟಿಲೇರಿಯಾ ತರಹದವು ಒಣಗಿದರೆ ಬಹಳ ಬೇಗ ಸಾಯುತ್ತವೆ, ಅವುಗಳಲ್ಲಿ ಜಾಸ್ತಿ ಉಳಿದಿರುತ್ತವೆ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ಮೊಳಕೆ ಬಂದಿದೆ, ಇನ್ನು ಆಗಲ್ಲ ಅಂತ ಎಸೆಯುವವರಿದ್ದಾರೆ. ಅದು ತಪ್ಪು. ಅರ್ಧ ಇಂಚು, ಒಂದು ಇಂಚು ಮೊಳಕೆ ಬಂದಿದ್ದರೆ ಮುರಿಯದ ಹಾಗೆ ನೆಟ್ಟರೆ ಆಯಿತು. ಮೊಳಕೆ ಇನ್ನೂ ಉದ್ದವಿದ್ದರೆ ನೆಲದ ಬದಲು ಕುಂಡಕ್ಕೆ ಹಾಕಿ.

ಇಲ್ಲಿ ಎರಡು ಎಚ್ಚರಿಕೆ. ಹಯಸಿಂತ್ ಗಡ್ಡೆ ಮುಟ್ಟಿದರೆ ಕೆಲವರಿಗೆ ಕೆಸುವಿನ ಗಡ್ಡೆ ಹೆಚ್ಚಿದ ಹಾಗೆ ತುರಿಕೆ ಬರುತ್ತದೆ, ಗ್ಲೌಸ್ ಹಾಕಿಕೊಳ್ಳಿ. ಎರಡನೆಯದು ಇನ್ನೂ ಮುಖ್ಯ. ನಮ್ಮ ಮನೆಗಳಲ್ಲಿ ಗ್ಯಾರೇಜಿನಲ್ಲಿ ಈರುಳ್ಳಿಯ ದೊಡ್ಡ ಚೀಲವೂ ಇರುತ್ತದೆ. ಡ್ಯಾಫೊಡಿಲ್ ಗಡ್ಡೆ ನೋಡಲು ಈರುಳ್ಳಿಯ ಹಾಗೇ ಇರುತ್ತದೆ, ಆದರೆ ವಿಷ. ತಿಂದರೆ ವಾಂತಿ, ಹೊಟ್ಟೆನೋವು. 2015ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ಸೂಪರ್‌ಮಾರ್ಕೆಟ್‌ಗಳಿಗೆ ಡ್ಯಾಫೊಡಿಲ್ ಅನ್ನು ತರಕಾರಿಯಿಂದ ದೂರ ಇಡಿ ಅಂತ ಪತ್ರವನ್ನೇ ಬರೆಯಬೇಕಾಯಿತು. ಊರಿನಿಂದ ಅಪ್ಪ ಅಮ್ಮ ಬಂದು ಆರು ತಿಂಗಳು ಇರುವ ಮನೆಗಳಲ್ಲಿ ಇದನ್ನು ಬಾಯಿಬಿಟ್ಟು ಹೇಳಿಡಿ. ನಾಯಿ ಬೆಕ್ಕಿಗೂ ಈ ಗಡ್ಡೆಗಳು ಒಳ್ಳೆಯದಲ್ಲ.

ಹಂತ 2: ಯಾವುದು ಯಾವ ಗಡ್ಡೆ ಅಂತ ಬೇರ್ಪಡಿಸಿ

ಸಮಯ ಕಡಿಮೆ ಇದ್ದರೆ ಮೊದಲು ಡ್ಯಾಫೊಡಿಲ್ ನೆಡಿ. ಅದಕ್ಕೆ ಬೇರು ಬಿಡಲು ಜಾಸ್ತಿ ಕಾಲ ಬೇಕು, ನಿಜವಾಗಿ ಸೆಪ್ಟೆಂಬರ್ ಅಕ್ಟೋಬರ್‌ನಲ್ಲೇ ಮಣ್ಣು ಸೇರಬೇಕಾಗಿತ್ತು. ತಡವಾಗಿ ನೆಟ್ಟರೆ ಮೊದಲ ವರ್ಷ ಹೂ ಬರದೇ ಇರಬಹುದು, ಆದರೆ ಗಿಡ ಬದುಕಿಕೊಂಡರೆ ಮರುವರ್ಷ ಬರುತ್ತದೆ. ಆಮೇಲೆ ಕ್ರೋಕಸ್. ಅದು ಚಿಕ್ಕದು, ಬೇಗ ಒಣಗುತ್ತದೆ. ಟುಲಿಪ್ ಕೊನೆಗೆ. ತಡವನ್ನು ಎಲ್ಲಕ್ಕಿಂತ ಚೆನ್ನಾಗಿ ತಡೆದುಕೊಳ್ಳುವುದು ಟುಲಿಪ್. ಇಂಗ್ಲೆಂಡಿನಲ್ಲಂತೂ ಬೇಕಂತಲೇ ನವೆಂಬರ್‌ವರೆಗೆ ಕಾಯುತ್ತಾರೆ, ಏಕೆಂದರೆ ಚಳಿ ಜಾಸ್ತಿಯಾದ ಮೇಲೆ ನೆಟ್ಟರೆ 'ಟುಲಿಪ್ ಫೈರ್' ಎಂಬ ಶಿಲೀಂಧ್ರ ರೋಗದ ಕಾಟ ಕಡಿಮೆ. ಆ ರೋಗ ಬಂದ ಎಲೆ ಬೆಂಕಿ ತಾಗಿದ ಹಾಗೆ ಸುಟ್ಟು ಮುರುಟುತ್ತದೆ.

ಕ್ರೋಕಸ್ ಅಂದಕೂಡಲೇ ಕೇಸರಿ ನೆನಪಾಗುತ್ತದೆ, ಅಲ್ವಾ? ಕೇಸರಿ ಬರುವುದು ಅದೇ ಕುಲದ ಬೇರೊಂದು ಗಿಡದಿಂದ, ಅದು ಶರತ್ಕಾಲದಲ್ಲಿ ಹೂ ಬಿಡುತ್ತದೆ. ನಿಮ್ಮ ಹಿತ್ತಿಲಲ್ಲಿ ಮಾರ್ಚ್‌ನಲ್ಲಿ ಅರಳುವ ಕ್ರೋಕಸ್‌ನ ಎಳೆ ಕಿತ್ತು ಹಾಲಿಗೆ ಹಾಕಬೇಡಿ.

ಚೀಲದಲ್ಲಿ ನೆಡಲೇಬಾರದ ಗಡ್ಡೆಗಳೂ ಇರಬಹುದು, ಪೊಟ್ಟಣದ ಮೇಲೆ ಏನು ಬರೆದಿದೆ ಅಂತ ಓದಿ. ಡೇರೆ ಹೂವಿನ ಗಡ್ಡೆ, ಗ್ಲಾಡಿಯೋಲಸ್, ಬೆಗೋನಿಯಾ ಇವಕ್ಕೆ ಚಳಿ ಆಗುವುದಿಲ್ಲ. ಮಲೆನಾಡಿನಲ್ಲಿ ಡೇರೆ ಗಡ್ಡೆಯನ್ನು ಮಳೆ ಹಿಡಿಯುವ ಹೊತ್ತಿಗೆ ನೆಟ್ಟು ಅಭ್ಯಾಸ ಇರುವವರಿಗೆ ಗಡ್ಡೆ ಅಂದರೆ ಎಲ್ಲ ಒಂದೇ ಅನಿಸುವುದು ಸಹಜ. ಆದರೆ ಇಲ್ಲಿ ಡೇರೆ ಗಡ್ಡೆ ಜನವರಿಯಲ್ಲಿ ಮಣ್ಣಿಗೆ ಹಾಕಿದರೆ ಹೆಪ್ಪುಗಟ್ಟಿ ಕೊಳೆತುಹೋಗುತ್ತದೆ. ಅದನ್ನು ಮನೆಯೊಳಗೆ ತಂಪಾದ ಮೂಲೆಯಲ್ಲಿಟ್ಟು ಮೇ ತಿಂಗಳಲ್ಲಿ ನೆಡಿ. ಮುಷ್ಟಿಗಿಂತ ದೊಡ್ಡ ಗಡ್ಡೆ ಇದ್ದರೆ ಅದು ಬಹುಶಃ ಅಮರಿಲಿಸ್. ಅದಕ್ಕೆ ಚಳಿಯೇ ಬೇಡ, ಕುಂಡಕ್ಕೆ ಹಾಕಿ ಕಿಟಕಿಯ ಬಳಿ ಇಡಿ.

ಹಂತ 3: ನೆಲ ಹೇಗಿದೆ ನೋಡಿ

ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ಹೋಗಿ ನೆಲಕ್ಕೆ ಒತ್ತಿ. ಸಲೀಸಾಗಿ ಇಳಿದರೆ ಮುಂದಿನ ಹಂತಕ್ಕೆ ಹೋಗಿ. ಮೇಲೆ ಒಂದೆರಡು ಇಂಚು ಗಟ್ಟಿಯಾಗಿ, ಕುಟ್ಟಿದರೆ ಅಡಿಯಲ್ಲಿ ಮೆತ್ತಗೆ ಸಿಕ್ಕಿತು ಅಂದರೂ ಆಗುತ್ತದೆ. ಆ ಹೆಪ್ಪಿನ ಪದರವನ್ನು ಪಿಕಾಸಿಯಿಂದ ಒಡೆದು ಹೆಂಟೆಗಳನ್ನು ಪಕ್ಕಕ್ಕಿಡಿ. ನಾಲ್ಕಾರು ಇಂಚು ಕಲ್ಲಿನ ಹಾಗಿದ್ದರೆ ಸುಮ್ನೆ ಸೊಂಟ ನೋಯಿಸಿಕೊಳ್ಳಬೇಡಿ, ಹಂತ 5ಕ್ಕೆ ಹೋಗಿ.

ಒಂದು ಕಡೆ ಹೆಪ್ಪುಗಟ್ಟಿದೆ ಅಂತ ಇಡೀ ಹಿತ್ತಿಲೇ ಹಾಗೆ ಅಂದುಕೊಳ್ಳಬೇಡಿ. ಮನೆಯ ದಕ್ಷಿಣದ ಗೋಡೆಯ ಬುಡ, ಕಳೆದ ತಿಂಗಳು ಗುಡಿಸಿ ಒಟ್ಟಿದ ಎಲೆಗಳ ರಾಶಿಯ ಅಡಿ, ಬೇಸಿಗೆಯಲ್ಲಿ ಟೊಮೇಟೊ ಬೆಳೆದ ಎತ್ತರದ ಪಾತಿ, ಇಲ್ಲೆಲ್ಲ ಮಣ್ಣು ಇನ್ನೂ ಸಡಿಲ ಇರುತ್ತದೆ. ಆದರೆ ಸೂರಿನ ನೀರು ಬೀಳುವ ಪೈಪಿನ ಹತ್ತಿರ ಬೇಡ. ಚಳಿಗಿಂತ ಜಾಸ್ತಿ ಗಡ್ಡೆ ಸಾಯುವುದು ನಿಂತ ನೀರಿನಲ್ಲಿ.

ಲಂಡನ್, ಬರ್ಮಿಂಗ್‌ಹ್ಯಾಮ್ ಕಡೆ ನೆಲ ಹೀಗೆ ಆಳದವರೆಗೆ ಹೆಪ್ಪುಗಟ್ಟುವುದು ಅಪರೂಪ, ಜನವರಿ ಪೂರ್ತಿ ನೆಡಬಹುದು. ಅಲ್ಲಿನ ಕಷ್ಟ ಕೆಸರು. ಟೊರಾಂಟೊ, ಮಿನಿಯಾಪೊಲಿಸ್‌ನವರಿಗೆ ಜನವರಿಯಲ್ಲಿ ಕುಂಡವೇ ಗತಿ. ಮೆಲ್ಬರ್ನ್‌ನವರು ಈ ತಿಂಗಳುಗಳಿಗೆಲ್ಲ ಆರು ಕೂಡಿಸಿಕೊಳ್ಳಿ. ಕ್ಯಾಲಿಫೋರ್ನಿಯಾದ ಬೇ ಏರಿಯಾ, ಟೆಕ್ಸಸ್‌ನವರಿಗೆ ಡಿಸೆಂಬರ್ ಕೊನೆ, ಜನವರಿ ಅನ್ನುವುದು ತಡವೇ ಅಲ್ಲ, ಅದೇ ಸರಿಯಾದ ಕಾಲ. ಆದರೆ ನಿಮ್ಮ ಮಣ್ಣಿನಲ್ಲಿ ಬೇಕಾದಷ್ಟು ಚಳಿ ಸಿಗುವುದಿಲ್ಲ, ಹಾಗಾಗಿ ಗಡ್ಡೆ ಅಷ್ಟು ಹೊತ್ತಿಗೆ ಫ್ರಿಜ್‌ನಲ್ಲಿ ವಾರಗಟ್ಟಲೆ ಇದ್ದಿರಬೇಕು.

ಹಂತ 4: ನೆಲದಲ್ಲಿ ನೆಡುವುದು

ಒಂದೊಂದು ಗಡ್ಡೆಗೆ ಒಂದೊಂದು ಕುಳಿ ತೋಡುತ್ತಾ ಕೂತರೆ ಚಳಿಯಲ್ಲಿ ಅರ್ಧಕ್ಕೇ ಸಾಕಾಗಿಬಿಡುತ್ತದೆ. ಒಂದೇ ಅಗಲವಾದ ಗುಂಡಿ ಮಾಡಿ. ಎರಡು ಅಡಿ ಉದ್ದ, ಎರಡು ಅಡಿ ಅಗಲದ ಗುಂಡಿಯಲ್ಲಿ ಸಾಲಿಗೆ ಐದರಂತೆ 25 ಟುಲಿಪ್ ಹಿಡಿಯುತ್ತದೆ. ಹೂ ಬಂದಾಗಲೂ ಸಾಲಾಗಿ ನಿಂತದ್ದಕ್ಕಿಂತ ಹೀಗೆ ಗುಂಪಾಗಿ ನಿಂತರೇ ಚೆಂದ.

ಆಳದ ಲೆಕ್ಕ ಸರಳ. ಗಡ್ಡೆಯ ಎತ್ತರದ ಮೂರರಷ್ಟು. ಟುಲಿಪ್, ಡ್ಯಾಫೊಡಿಲ್‌ಗೆ 6ರಿಂದ 8 ಇಂಚು, ಕ್ರೋಕಸ್‌ಗೆ 3 ಇಂಚು. ನೆಲ ಗಟ್ಟಿ ಅಂತ ಮೂರು ಇಂಚಿಗೇ ಟುಲಿಪ್ ಇಟ್ಟು ಮುಚ್ಚುವುದು ನಾನು ಅತಿ ಹೆಚ್ಚು ನೋಡಿದ ತಪ್ಪು. ಮೇಲಿನ ಮಣ್ಣು ರಾತ್ರಿ ಹೆಪ್ಪುಗಟ್ಟಿ ಹಗಲು ಕರಗಿ ಉಬ್ಬುತ್ತಾ ಇಳಿಯುತ್ತಾ ಇರುತ್ತದೆ, ಅದರ ಜೊತೆ ಬೇರಿಲ್ಲದ ಗಡ್ಡೆಯೂ ಮೇಲಕ್ಕೆ ಬಂದು ಫೆಬ್ರವರಿಯಲ್ಲಿ ನೆಲದ ಮೇಲೆ ಬಿದ್ದಿರುತ್ತದೆ. ಆಳದಲ್ಲಿ ಮಣ್ಣು ಮೇಲಿನದಕ್ಕಿಂತ ಬೆಚ್ಚಗೂ ಇರುತ್ತದೆ. ತಡವಾಗಿ ನೆಟ್ಟ ಗಡ್ಡೆಗೆ ಬೇಕಾಗಿರುವುದು ಅದೇ.

ಚೂಪು ತುದಿ ಮೇಲೆ, ಚಪ್ಪಟೆ ಬುಡ ಕೆಳಗೆ. ಯಾವುದು ತುದಿ ಅಂತ ಗೊತ್ತಾಗದಿದ್ದರೆ ಅಡ್ಡ ಮಲಗಿಸಿ, ಮೊಳಕೆ ತಾನೇ ದಾರಿ ಹುಡುಕಿಕೊಳ್ಳುತ್ತದೆ. ಬುಡದ ಕೆಳಗೆ ಟೊಳ್ಳು ಇರಬಾರದು, ಮೆಲ್ಲಗೆ ಒತ್ತಿ ಕೂರಿಸಿ. ಅಗೆದು ತೆಗೆದ ಹೆಂಟೆಗಳನ್ನು ಹಾಗೇ ವಾಪಸ್ ತುಂಬಬೇಡಿ, ನಡುವೆ ಗಾಳಿ ಉಳಿದು ಬೇರು ಒಣಗುತ್ತದೆ. ಮೊದಲು ಗಡ್ಡೆ ಮುಳುಗುವಷ್ಟು ಪಾಟಿಂಗ್ ಮಿಕ್ಸ್ ಹಾಕಿ, ಅದರ ಮೇಲೆ ಪುಡಿಯಾದ ಮಣ್ಣು ಹಾಕಿ, ಹೆಂಟೆಗಳನ್ನು ಕೊನೆಗೆ ಮೇಲಿಡಿ.

ಗೊಬ್ಬರ ಬೇಡ. ಮೊದಲ ವರ್ಷದ ಊಟ ಗಡ್ಡೆಯೊಳಗೇ ಇದೆ. ಮೂಳೆ ಪುಡಿ ಹಾಕಿ ಅಂತ ಹಳೆ ಪುಸ್ತಕಗಳಲ್ಲಿ ಇರುತ್ತದೆ, ಆದರೆ ಆ ವಾಸನೆಗೆ ನಾಯಿ, ಸ್ಕಂಕ್ ಬಂದು ಅಗೆದು ಹಾಕುತ್ತವೆ. ನೀರು ಮಾತ್ರ ಒಂದು ಸಲ ಚೆನ್ನಾಗಿ ಕೊಡಿ, ಬೇರು ಏಳುವುದೇ ನೀರು ತಾಗಿದ ಮೇಲೆ.

ಹಂತ 5: ನೆಲ ಕಲ್ಲಾಗಿದ್ದರೆ ಕುಂಡ

8ರಿಂದ 10 ಇಂಚಿನ ಕುಂಡಕ್ಕೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಪಾಟಿಂಗ್ ಮಿಕ್ಸ್ ತುಂಬಿ. ಗಡ್ಡೆಗಳನ್ನು ಒತ್ತೊತ್ತಾಗಿ ಇಡಿ, ಒಂದಕ್ಕೊಂದು ತಾಗದಿದ್ದರೆ ಸಾಕು. ಇಲ್ಲಿ ಆಳ ಬೇಕಿಲ್ಲ, ತುದಿ ಮಣ್ಣಿನ ಮಟ್ಟಕ್ಕೆ ಕಾಣುತ್ತಿದ್ದರೆ ಸರಿ. ಟುಲಿಪ್ ಗಡ್ಡೆಯನ್ನು ಬೆರಳಲ್ಲಿ ತಿರುಗಿಸಿ ನೋಡಿದರೆ ಒಂದು ಪಕ್ಕ ಚಪ್ಪಟೆ, ಇನ್ನೊಂದು ಪಕ್ಕ ಉಬ್ಬು ಇರುತ್ತದೆ. ಆ ಚಪ್ಪಟೆ ಪಕ್ಕವನ್ನು ಕುಂಡದ ಅಂಚಿನ ಕಡೆಗೆ ಮುಖ ಮಾಡಿಸಿ. ಮೊದಲ ದೊಡ್ಡ ಎಲೆ ಹೊರಡುವುದು ಆ ಕಡೆಯಿಂದ, ಹಾಗಾಗಿ ಎಲೆಗಳೆಲ್ಲ ಅಂಚಿನಿಂದ ಹೊರಗೆ ಬಾಗಿ ಹೂವುಗಳು ನಡುವೆ ನಿಲ್ಲುತ್ತವೆ.

ನೀರು ಹಾಕಿ, ಹೀಟರ್ ಇಲ್ಲದ ಗ್ಯಾರೇಜ್ ಅಥವಾ ಶೆಡ್‌ನಲ್ಲಿ ಇಡಿ. ಕುಂಡವನ್ನು ಬಯಲಲ್ಲಿ ಬಿಡಬೇಡಿ. ನೆಲದಲ್ಲಿದ್ದರೆ ಚಳಿ ಮೇಲಿನಿಂದ ಮಾತ್ರ ಇಳಿಯುತ್ತದೆ, ಕುಂಡಕ್ಕೆ ನಾಲ್ಕೂ ಕಡೆಯಿಂದ ನುಗ್ಗುತ್ತದೆ, ಮಣ್ಣಿನ ಮುದ್ದೆ ಪೂರ್ತಿ ಗಡ್ಡೆ ಸಮೇತ ಹೆಪ್ಪುಗಟ್ಟಿಬಿಡುತ್ತದೆ. ಗ್ಯಾರೇಜೂ ಸೊನ್ನೆಗಿಂತ ಕೆಳಗೆ ಹೋಗುತ್ತದೆ ಅನಿಸಿದರೆ ಮನೆಗೆ ಅಂಟಿದ ಗೋಡೆಯ ಪಕ್ಕ ಇಟ್ಟು ಹಳೆ ಕಂಬಳಿ ಸುತ್ತಿ. ಅಲ್ಲೊಂದು ಅಗ್ಗದ ಥರ್ಮಾಮೀಟರ್ ತೂಗುಹಾಕಿ, 2ರಿಂದ 9 ಡಿಗ್ರಿ ಸೆಲ್ಸಿಯಸ್‌ನೊಳಗೆ ಇರಬೇಕು. ಎರಡು ವಾರಕ್ಕೊಮ್ಮೆ ಬೆರಳಿಟ್ಟು ನೋಡಿ, ಒಣಗಿದ್ದರೆ ಸ್ವಲ್ಪ ನೀರು. ಜನ ಮರೆಯುವುದು ಇದನ್ನೇ. ಮಾರ್ಚ್‌ನಲ್ಲಿ ನೋಡಿದರೆ ಕುಂಡ ಬರೀ ಧೂಳು!

12ರಿಂದ 14 ವಾರ ಕಳೆದು, ಮೊಳಕೆ ಎರಡು ಇಂಚು ಎದ್ದ ಮೇಲೆ ಹೊರಗೆ ತನ್ನಿ. ಒಂದು ವಾರ ನೆರಳಿನಲ್ಲಿಟ್ಟು ಆಮೇಲೆ ಬಿಸಿಲಿಗೆ. ನೆಲ ಕರಗಿದ ಮೇಲೆ ಬೇರು ಕದಡದ ಹಾಗೆ ಇಡೀ ಮುದ್ದೆಯನ್ನು ನೆಲಕ್ಕೂ ಇಳಿಸಬಹುದು.

ಕುಂಡಕ್ಕೆ ಜಾಗ ಇಲ್ಲ, 100 ಗಡ್ಡೆ ಇವೆ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಹೆಪ್ಪುಗಟ್ಟಿದ ಪಾತಿಯ ಮೇಲೆಯೇ ಗಡ್ಡೆಗಳನ್ನು ಸಾಲಾಗಿ ನಿಲ್ಲಿಸಿ, ಮೇಲೆ ಆರು ಇಂಚು ಪಾಟಿಂಗ್ ಮಿಕ್ಸ್ ಅಥವಾ ಕಾಂಪೋಸ್ಟ್ ಸುರಿದು, ಅದರ ಮೇಲೆ ದಪ್ಪಗೆ ಎಲೆ ಹಾಸಿ. ಕೆಳಗಿನ ನೆಲ ಕರಗಿದ ಹಾಗೆ ಬೇರು ಅದರೊಳಗೆ ಇಳಿಯುತ್ತದೆ. ಅಂಚಿಗೆ ಹಲಗೆ ಇರುವ ಎತ್ತರದ ಪಾತಿಗೆ ಈ ಉಪಾಯ ಚೆನ್ನಾಗಿ ಹೊಂದುತ್ತದೆ, ಇಳಿಜಾರಿನಲ್ಲಿ ಮಾಡಿದರೆ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ.

ಹಂತ 6: ಅಳಿಲು, ಜಿಂಕೆ

ಚಳಿಗಾಲದಲ್ಲಿ ಅಳಿಲಿಗೆ ಹಸಿವು ಜಾಸ್ತಿ, ಹೊಸದಾಗಿ ಅಗೆದ ಮಣ್ಣು ಕಂಡರೆ ಬಿಡುವುದಿಲ್ಲ. ಟುಲಿಪ್, ಕ್ರೋಕಸ್ ಅಂದರೆ ಅದಕ್ಕೆ ಇಷ್ಟ. ಡ್ಯಾಫೊಡಿಲ್ ಮುಟ್ಟುವುದಿಲ್ಲ, ಅದೇ ವಿಷದ ಕಾರಣಕ್ಕೆ. ನೆಟ್ಟ ಮೇಲೆ ಉದುರಿದ ಕಂದು ಸಿಪ್ಪೆಗಳನ್ನೆಲ್ಲ ಆರಿಸಿ ಕಸಕ್ಕೆ ಹಾಕಿ, ಆ ವಾಸನೆಯೇ ಅದಕ್ಕೆ ಕರೆಯೋಲೆ. ಪಾತಿಯ ಮೇಲೆ ತಂತಿ ಬಲೆ ಹಾಸಿ ನಾಲ್ಕು ಮೂಲೆಗೆ ಕಲ್ಲಿಡಿ, ಮಾರ್ಚ್‌ನಲ್ಲಿ ಮೊಳಕೆ ಕಂಡಕೂಡಲೇ ತೆಗೆಯಿರಿ. ತೆಗೆಯಲು ಮರೆತರೆ ಎಲೆಗಳು ಬಲೆಯ ಕಣ್ಣಿನೊಳಗೆ ಬೆಳೆದು ಸಿಕ್ಕಿಕೊಳ್ಳುತ್ತವೆ.

ಜಿಂಕೆ ಬರುವ ಬಡಾವಣೆಯಾದರೆ ಬಲೆಯಿಂದ ಏನೂ ಆಗದು, ಅವು ಏಪ್ರಿಲ್‌ನಲ್ಲಿ ಮೊಗ್ಗನ್ನೇ ತಿಂದು ಹೋಗುತ್ತವೆ. ಅಂಥ ಕಡೆ ಟುಲಿಪ್ ಅನ್ನು ಬೇಲಿಯೊಳಗೆ ಅಥವಾ ಬಾಗಿಲ ಬಳಿ ಕುಂಡದಲ್ಲಿ ಬೆಳೆಸಿ, ಡ್ಯಾಫೊಡಿಲ್ ಹೊರಗೆ ನೆಡಿ.

ಹಂತ 7: ಹೊದಿಕೆ

ಇಲ್ಲಿ ಮಲ್ಚ್ ಅನ್ನುತ್ತಾರೆ. ಅಡಿಕೆ ತೋಟದಲ್ಲಿ ಮರದ ಬುಡಕ್ಕೆ ಸೊಪ್ಪು ತರಗೆಲೆ ಹೊದಿಸುತ್ತಾರಲ್ಲ, ಅದೇ ಇದು. ತಡವಾಗಿ ನೆಟ್ಟಾಗ ನೆಟ್ಟ ಕೂಡಲೇ ಹೊದಿಸಿ, ಮಣ್ಣು ಹೆಪ್ಪುಗಟ್ಟುವುದು ಇನ್ನೂ ಒಂದೆರಡು ವಾರ ಮುಂದೆ ಹೋಗುತ್ತದೆ. ಆ ಒಂದೆರಡು ವಾರ ಬೇರಿಗೆ ಸಿಕ್ಕಂತೆ. ಮೂರು ಇಂಚು ತರಗೆಲೆ ಸಾಕು, ಲಾನ್ ಮೂವರ್ ಹಾಯಿಸಿ ಚೂರು ಮಾಡಿ ಹಾಕಿ. ಇಡೀ ಎಲೆ ಹಾಕಿದರೆ ನೆನೆದು ಒಂದರ ಮೇಲೊಂದು ಅಂಟಿ ಚಾಪೆಯಾಗುತ್ತದೆ, ಮೊಳಕೆಗೆ ಮೇಲೆ ಬರಲು ಕಷ್ಟ. ಹಿಮ ಬಿದ್ದರೆ ಗುಡಿಸಬೇಡಿ, ಅದೂ ಒಳ್ಳೆಯ ಹೊದಿಕೆಯೇ. ಆದರೆ ಉಪ್ಪು ಎರಚಿದ ದಾರಿಯ ಹಿಮವನ್ನು ತಂದು ಪಾತಿಯ ಮೇಲೆ ಸುರಿಯಬಾರದು.

ಗಡ್ಡೆ ಸಿಕ್ಕಿದ್ದೇ ಫೆಬ್ರವರಿ ಕೊನೆಗೆ, ಮಾರ್ಚ್‌ಗೆ ಆದರೆ

ತಣ್ಣನೆಯ ಗ್ಯಾರೇಜಿನಲ್ಲೇ ಇದ್ದ ಟುಲಿಪ್ ಆದರೆ ತಕ್ಷಣ ನೆಡಿ, ಗಿಡ್ಡ ಹೂವಾದರೂ ಬರುವ ಸಾಧ್ಯತೆ ಇದೆ. ಬೆಚ್ಚಗಿನ ಮನೆಯಲ್ಲಿದ್ದ ಗಡ್ಡೆಗೆ ಈ ವರ್ಷ ಹೂ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಆದರೂ ನೆಡಿ. ಡ್ಯಾಫೊಡಿಲ್ ಬರೀ ಎಲೆ ಬಿಟ್ಟುಕೊಂಡು ಬಿಸಿಲಲ್ಲಿ ಆಹಾರ ಕೂಡಿಸಿಟ್ಟು ಮುಂದಿನ ವರ್ಷಕ್ಕೆ ಸರಿಹೋಗುತ್ತದೆ. ಟುಲಿಪ್‌ನಲ್ಲಿ ಆ ನಂಬಿಕೆ ಕಡಿಮೆ.

ನೆಡುವುದಕ್ಕೆ ಇನ್ನೂ ಕೆಲವು ದಿನ ಆಗದಿದ್ದರೆ ಗಡ್ಡೆಯನ್ನು ಪೇಪರ್ ಚೀಲಕ್ಕೆ ಹಾಕಿ ಫ್ರಿಜ್‌ನಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಕೊಳೆಯುತ್ತದೆ. ಫ್ರೀಜರ್ ಅಂತೂ ಬೇಡವೇ ಬೇಡ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಅದೇ ಫ್ರಿಜ್‌ನಲ್ಲಿ ಸೇಬು, ಪೇರಳೆ, ಬಾಳೆಹಣ್ಣು ಇರಬಾರದು. ಹಣ್ಣಾಗುವಾಗ ಅವು ಎಥಿಲೀನ್ ಎಂಬ ಅನಿಲ ಬಿಡುತ್ತವೆ, ಅದು ಗಡ್ಡೆಯೊಳಗಿನ ಆ ಪುಟ್ಟ ಮೊಗ್ಗನ್ನು ಸಾಯಿಸುತ್ತದೆ. ಹೊರಗಿನಿಂದ ಗಡ್ಡೆ ಗಟ್ಟಿಯಾಗಿ ಚೆನ್ನಾಗಿಯೇ ಕಾಣುತ್ತದೆ, ಏಪ್ರಿಲ್‌ನಲ್ಲಿ ಹೂ ಮಾತ್ರ ಇರುವುದಿಲ್ಲ.

ಏನನ್ನು ನಿರೀಕ್ಷಿಸಬೇಕು

ನಾನು ಮೊದಲ ಸಲ ಜನವರಿ ಮೊದಲ ವಾರದಲ್ಲಿ 50 ಕೆಂಪು ಟುಲಿಪ್ ನೆಟ್ಟಿದ್ದೆ, ಮೇಲಿನ ಹೆಪ್ಪು ಒಡೆದು. ಪಕ್ಕದ ಮನೆಯವರದು ಏಪ್ರಿಲ್ ನಡುವಿಗೆ ಅರಳಿ ಉದುರಿತು, ನಮ್ಮದು ಮೇ ಮೊದಲ ವಾರ. ದಂಟು ಒಂದು ಗೇಣಿಗಿಂತ ಸ್ವಲ್ಪ ಉದ್ದ ಅಷ್ಟೆ, ಹೂವು ಮಾತ್ರ ಪೂರ್ತಿ ಗಾತ್ರದ್ದು. 50ರಲ್ಲಿ 41 ಅರಳಿದವು. ತಡವಾಗಿ ನೆಟ್ಟಾಗ ಇದೇ ಆಗುವುದು. ಎರಡು ಮೂರು ವಾರ ತಡ, ದಂಟು ಗಿಡ್ಡ, ಒಂದಷ್ಟು ನಷ್ಟ.

ಹೂ ಬಾಡಿದ ಮೇಲೆ ಹೂವಿನ ತಲೆ ಮಾತ್ರ ಚಿವುಟಿ. ಎಲೆ ತಾನಾಗಿ ಹಳದಿಯಾಗುವವರೆಗೆ, ಸುಮಾರು ಆರು ವಾರ, ಮುಟ್ಟಬೇಡಿ. ಮುಂದಿನ ವರ್ಷದ ಹೂ ತಯಾರಾಗುವುದು ಆ ಎಲೆಗಳ ದುಡಿಮೆಯಿಂದ. ಲಾನ್ ಕತ್ತರಿಸಲು ಬರುವವರಿಗೂ ಹೇಳಿಡಿ.

ಬೆಂಗಳೂರಿನವರೂ ಕೇಳುತ್ತಾರೆ, ಆನ್‌ಲೈನ್‌ನಲ್ಲಿ ತರಿಸಿದ ಟುಲಿಪ್ ಗಡ್ಡೆ ಇದೆ, ಏನು ಮಾಡಲಿ ಅಂತ. ಪೇಪರ್ ಚೀಲದಲ್ಲಿ 12ರಿಂದ 14 ವಾರ ಫ್ರಿಜ್‌ನಲ್ಲಿಟ್ಟು, ಡಿಸೆಂಬರ್ ಜನವರಿಯ ತಂಪಿನಲ್ಲಿ ನೆರಳಿರುವ ಕಡೆ ಕುಂಡದಲ್ಲಿ ಹಾಕಿದರೆ ಒಂದು ಸಲ ಹೂ ನೋಡಬಹುದು. ಆಮೇಲೆ ಅದೇ ಗಡ್ಡೆ ಅಲ್ಲಿ ಮತ್ತೆ ಹೂ ಬಿಡುವುದಿಲ್ಲ, ಶ್ರೀನಗರದ ಟುಲಿಪ್ ತೋಟಕ್ಕೆ ಸಿಗುವ ಚಳಿ ಬೆಂಗಳೂರಿಗೆ ಇಲ್ಲ. ಅದೇ ಕುಂಡಕ್ಕೆ ಫೆಬ್ರವರಿ ಮಾರ್ಚ್‌ನಲ್ಲಿ ಸುಗಂಧರಾಜದ ಗಡ್ಡೆ ಹಾಕಿ. ಅದಕ್ಕೆ ಫ್ರಿಜ್ ಬೇಡ, ಬಿಸಿಲು ಬೇಕು, ಒಂದು ಗಡ್ಡೆ ಎರಡು ವರ್ಷದಲ್ಲಿ ಕುಂಡದ ತುಂಬ ಮರಿ ಹಾಕುತ್ತದೆ.